ಬಿಳಿಯೋ ಹಸಿರೋ: ಒಂದು ಕೋಣೆಯ ಗೋಡೆಯ ಚರಿತ್ರೆ

ಮುಳಬಾಗಿಲಿನ ನಮ್ಮ ಹಳೆಯ ಮನೆಯಲ್ಲಿ ನಡುಮನೆಗೆ ಹೊಂದಿಕೊಂಡಂತೆ ಒಂದು ಕೋಣೆಯಿದೆ. ಅದು ಅಮ್ಮಿಯದು. ರಮಝಾನ್ ಬರುವುದರೊಳಗೆ ಅದಕ್ಕೆ ಬಣ್ಣ ಹೊಡೆಸಬೇಕೆಂದು ಶ್ರೀನಿವಾಸಪುರದ ಕಡೆಯ ಪೇಂಟರ್ ಒಬ್ಬರನ್ನು ಕರೆಸಿದೆವು. ಆತ ಕಿಟಕಿಯ ಪಕ್ಕದ ಗೋಡೆಯ ಮೇಲೆ ಎರಡು ಕಡೆ ಮೊಳದಗಲ ಬಣ್ಣ ಬಳಿದು, "ನೋಡ್ಕೊಳ್ಳಿ ಸಾಬ್, ಇದು ಬಿಳಿ, ಇದು ಹಸಿರು. ಯಾವುದು ಅಂತ ನಾಳೆ ಹೇಳಿದ್ರೆ ಸಾಕು" ಎಂದು ಹೊರಟುಹೋದರು. ಆ ಎರಡು ತೇಪೆಗಳ ಮುಂದೆ ನಮ್ಮ ಮನೆಯಲ್ಲಿ ಶುರುವಾದ ವಾದ ಮೂರು ದಿನ ನಡೆಯಿತು.

ಚಾಚಾ ಅವರದು ಒಂದೇ ಮಾತು: "ಹಸಿರು ನಮ್ಮ ಬಣ್ಣ. ನಮ್ಮ ಮನೆಗೆ ಅದೇ ಇರಬೇಕು." ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಒಪ್ಪಲಿಲ್ಲ. "ಬೇಡ ದಾದಾ. ನಾಳೆ ಈ ಭಾಗವನ್ನು ಬಾಡಿಗೆಗೆ ಕೊಡೋಣ ಅಂದರೆ ಬಂದವರು ಗೋಡೆ ನೋಡಿಯೇ ವಾಪಸು ಹೋಗುತ್ತಾರೆ. ಬಿಳಿ ಇದ್ದರೆ ಯಾರ ಮನೆ ಅಂತ ಯಾರಿಗೂ ಗೊತ್ತಾಗಲ್ಲ" ಎಂದ. ಒಬ್ಬರು ಹಸಿರನ್ನು ಬಯಸಿದರು, ಇನ್ನೊಬ್ಬರು ಅದಕ್ಕೆ ಹೆದರಿದರು. ಆದರೆ ಇಬ್ಬರ ತಲೆಯಲ್ಲೂ ಇದ್ದ ನಂಬಿಕೆ ಒಂದೇ. ಹಸಿರು ಗೋಡೆ ಎಂದರೆ ಮುಸ್ಲಿಮರ ಗೋಡೆ, ಬಿಳಿ ಗೋಡೆ ಎಂದರೆ ಯಾರದೂ ಅಲ್ಲದ ಗೋಡೆ. ಈ ನಂಬಿಕೆಗೆ ಎಷ್ಟು ವಯಸ್ಸಾಗಿರಬಹುದು ಎಂಬ ಪ್ರಶ್ನೆ ನಮ್ಮನ್ನು ಕಾಡತೊಡಗಿತು. ಹುಡುಕುತ್ತಾ ಹೋದಾಗ ಕಂಡಿದ್ದು ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಆಗಿತ್ತು.

ಮೊದಲು ಬಿಳಿಯ ಮಾತು. ನಮ್ಮ ಅಜ್ಜಂದಿರ ಕಾಲಕ್ಕೆ ಬಿಳಿ ಎಂಬುದು ಅಂಗಡಿಯಲ್ಲಿ ಆರಿಸಿ ತರುವ ಬಣ್ಣವಾಗಿರಲಿಲ್ಲ. ಅದು ಸುಣ್ಣ. ಕೋಲಾರ ಸೀಮೆಯಲ್ಲಿ ಕನ್ನಡದವರು ಸುಣ್ಣ ಎಂದರೆ ತೆಲುಗಿನವರು ಸುನ್ನಂ ಎನ್ನುತ್ತಾರೆ, ಗಣಿಯ ಕಡೆಯ ತಮಿಳರು ಸುಣ್ಣಾಂಬು ಎನ್ನುತ್ತಾರೆ, ನಮ್ಮ ದಖ್ಖನಿಯಲ್ಲಿ ಅದು ಚೂನಾ. ನಾಲ್ಕೂ ಒಂದೇ ಬೇರಿನ ಮಾತುಗಳು. ಸಂಸ್ಕೃತದ 'ಚೂರ್ಣ'ದಿಂದ ಬಂದವು. ಮಾತಿನಲ್ಲಿ ನಾಲ್ಕಾದದ್ದು ಗೋಡೆಯ ಮೇಲೆ ಒಂದೇ ಆಗಿತ್ತು.

ಕೋಲಾರ ಬಂಡೆಗಳ ನಾಡು. ನಮ್ಮ ಗುಡ್ಡಗಳೆಲ್ಲ ಕಣಶಿಲೆ. ಆದರೆ ಈ ಬಯಲುಸೀಮೆಯಲ್ಲಿ ಹೊಲದ ಮಣ್ಣಿನಡಿ ಗಂಟುಗಂಟಾಗಿ ಸುಣ್ಣದ ಕಲ್ಲು ಸಿಗುತ್ತದೆ. ಅದನ್ನು ಆಯ್ದು, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವ ಕಸುಬು ಹಲವೆಡೆ ಉಪ್ಪಾರರದಾಗಿತ್ತು. ಸುಟ್ಟ ಕಲ್ಲಿಗೆ ನೀರು ಸುರಿದರೆ ಅದು ಕೊತಕೊತನೆ ಕುದಿದು ಅರಳುತ್ತದೆ. ಮಡಕೆಯಲ್ಲಿ ನೆನೆಹಾಕಿ, ಸೋಸಿ, ಅಂಟು ಬೆರೆಸಿ, ನಾರಿನ ಕುಂಚದಿಂದ ಬಳಿದರೆ ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತದೆ. ಹಸಿ ಸುಣ್ಣ ಬಲವಾದ ಕ್ಷಾರ. ಕ್ರಿಮಿಕೀಟಗಳಿಗೆ ಆಗಿಬರುವುದಿಲ್ಲ. ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗುತ್ತದಾದ್ದರಿಂದ ಮಣ್ಣಿನ ಗೋಡೆಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಇನ್ನೊಂದಿಲ್ಲ. ಅವರು ಯುಗಾದಿಗೆ, ದೀಪಾವಳಿಗೆ ಬಳಿದರು, ನಾವು ಈದ್‌ಗೆ ಬಳಿದೆವು. ಕೆಳಗೆ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಮಾಲೂರಿನ ಇಟ್ಟಿಗೆ, ಹೆಂಚುಗಳನ್ನು ಕೆಂಪಾಗಿಸಿದ ಅದೇ ಕಬ್ಬಿಣದ ಅಂಶವೇ ಆ ಪಟ್ಟಿಯ ಕೆಂಪಿಗೂ ಕಾರಣ.

ಇನ್ನೊಂದು ಸಂಗತಿಯನ್ನು ಈಗಿನವರು ಮರೆತೇಬಿಟ್ಟಿದ್ದೇವೆ. ಸುಣ್ಣ ಆಗ ದೀಪದ ಕೆಲಸವನ್ನೂ ಮಾಡುತ್ತಿತ್ತು. ಹಳೆಯ ಮನೆಗಳಿಗೆ ಕಿಟಕಿ ಕಡಿಮೆ, ಇದ್ದವೂ ಸಣ್ಣವು. ಸಂಜೆಯಾದರೆ ಹೊಂಗೆಣ್ಣೆಯ ಅಥವಾ ಹರಳೆಣ್ಣೆಯ ಹಣತೆ, ಆಮೇಲೆ ಸೀಮೆಎಣ್ಣೆಯ ಬುಡ್ಡಿ. ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎಂಬತ್ತರಷ್ಟನ್ನು ಕೋಣೆಗೆ ಹಿಂದಿರುಗಿಸುತ್ತದೆ. ನಡುಹಸಿರಿನ ಗೋಡೆ ಅರ್ಧದಷ್ಟನ್ನೂ ಕೊಡುವುದಿಲ್ಲ. ಒಂದೇ ಬುಡ್ಡಿಯ ಬೆಳಕಿನಲ್ಲಿ ಅಡುಗೆ, ಓದು, ಬೀಡಿ ಕಟ್ಟುವುದು ಎಲ್ಲ ನಡೆಯಬೇಕಿದ್ದ ಮನೆಯಲ್ಲಿ ಗೋಡೆಗೆ ಬೇರೆ ಬಣ್ಣ ಬಳಿಯುವುದು ಎಣ್ಣೆ ಚೆಲ್ಲಿದಂತೆಯೇ ಸರಿ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ವಿಚಿತ್ರ ಹೆಗ್ಗಳಿಕೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ವಿದ್ಯುತ್ತನ್ನು ತಂದದ್ದು ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಆದರೆ ಗಣಿಗೆ ಬಂದ ಬೆಳಕು ಗಣಿಯ ಮಗ್ಗುಲಿನ ಹಳ್ಳಿಗಳನ್ನು ಮುಟ್ಟಲು ಹಲವು ದಶಕಗಳು ಬೇಕಾದವು. ಅಲ್ಲಿಯವರೆಗೂ ಆ ಹಳ್ಳಿಗಳ ಕೋಣೆಗಳಿಗೆ ಸುಣ್ಣವೇ ಆಸರೆ. ಬಲ್ಬು ಬಂದ ಮೇಲೆಯೇ ಬಡವರ ಮನೆಯ ಒಳಗೋಡೆಗೆ ಬಣ್ಣ ಆರಿಸುವ ಸ್ವಾತಂತ್ರ್ಯ ಬಂತು ಎಂದರೆ ತಪ್ಪಾಗಲಾರದು.

ಹಾಗಾದರೆ ಬಿಳಿ 'ಯಾರದೂ ಅಲ್ಲದ' ಬಣ್ಣವಾದದ್ದು ಹೇಗೆ? ಇದರಲ್ಲಿ ಪ್ಲೇಗಿನ ಕೈವಾಡವಿದೆ ಎಂದು ನಮಗನಿಸುತ್ತದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದ ಆ ಮಾರಿ ಅಲ್ಲಿಗೇ ನಿಲ್ಲದೆ ಮೈಸೂರು ಸಂಸ್ಥಾನದ ಊರೂರುಗಳಿಗೆ ಹಬ್ಬಿತು. ಬೆಂಗಳೂರಿನಿಂದ ಮದರಾಸಿಗೆ ಹೋಗುವ ರೈಲು ನಮ್ಮ ಮಾಲೂರು, ಬಂಗಾರಪೇಟೆಗಳ ಮೂಲಕವೇ ಹಾಯುತ್ತಿತ್ತು. ಆ ಕಾಲದ ಪ್ಲೇಗ್ ಕ್ರಮಗಳೆಂದರೆ ಊರು ಖಾಲಿ ಮಾಡಿಸುವುದು, ಹೆಂಚು ತೆಗೆಸಿ ಬಿಸಿಲು ಬಿಡುವುದು, ಒಳಗೆಲ್ಲ ಔಷಧಿ ಸಿಂಪಡಿಸಿ ಸುಣ್ಣ ಹೊಡೆಸುವುದು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಅದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಅಂದರೆ ಸುಣ್ಣ ಬಳಿದದ್ದರಿಂದ ಪ್ಲೇಗ್ ನಿಂತಿತೆಂದು ಹೇಳಲಾಗದು. ಆದರೆ ಬಿಳಿ ಗೋಡೆ ಎಂದರೆ ಸರ್ಕಾರ ಮೆಚ್ಚುವ ಗೋಡೆ, ಶುಚಿಯಾದ ಗೋಡೆ ಎಂಬ ಭಾವನೆ ನಿಂತುಬಿಟ್ಟಿತು. ಆಸ್ಪತ್ರೆ, ಶಾಲೆ, ತಾಲ್ಲೂಕು ಕಚೇರಿ, ಪ್ರವಾಸಿ ಬಂಗಲೆ ಎಲ್ಲವೂ ಬಿಳಿಯಾದವು. ಮನೆಮನೆಯ ಹಬ್ಬದ ಬಣ್ಣವಾಗಿದ್ದುದು ಕಚೇರಿಯ ಬಣ್ಣವೂ ಆಯಿತು.

ಆ ಬಿಳಿ ಕೂಡ ಅಪ್ಪಟ ಬಿಳಿಯಲ್ಲ ಎಂಬುದು ಹೆಂಗಸರಿಗೆ ಚೆನ್ನಾಗಿ ಗೊತ್ತು. ಬರೀ ಸುಣ್ಣ ಸ್ವಲ್ಪ ಹಳದಿಗೆ ತಿರುಗುತ್ತದೆ. ಅದನ್ನು ಮರೆಸಲು ಚಿಟಿಕೆ ನೀಲಿ ಹಾಕುತ್ತಾರೆ, ಬಟ್ಟೆಗೆ ಹಾಕುವ ಅದೇ ನೀಲಿ. ಸರ್ಕಾರಿ ಕಟ್ಟಡ ಕಾಮಗಾರಿಯ ನಿಯಮದಲ್ಲೂ ಕೆ.ಜಿ. ಸುಣ್ಣಕ್ಕೆ 3 ಗ್ರಾಂವರೆಗೆ ನೀಲಿ ಬೆರೆಸಬಹುದೆಂದಿದೆ. ಅಮ್ಮಿ ಮಾತ್ರ ಗ್ರಾಂ ಲೆಕ್ಕ ಹಿಡಿದವರಲ್ಲ. ಒಂದು ವರ್ಷ ಕೈ ಜಾರಿ ನೀಲಿ ಜಾಸ್ತಿ ಬಿದ್ದು ಇಡೀ ನಡುಮನೆ ಆಕಾಶದಂತಾಗಿತ್ತಂತೆ. ಅಬ್ಬಾ ಮುಂದಿನ ಈದ್‌ವರೆಗೂ ಆ ಮಾತೆತ್ತಿ ರೇಗಿಸುತ್ತಿದ್ದರು.

ಈ ನೀಲಿಯ ಕಥೆಯಲ್ಲೇ ಹಸಿರಿನ ಗುಟ್ಟೂ ಅಡಗಿದೆ. ಸುಣ್ಣ ಎಲ್ಲ ಬಣ್ಣಗಳನ್ನೂ ಸಹಿಸುವುದಿಲ್ಲ. ಅದರ ಕ್ಷಾರಕ್ಕೆ ಕೆಮ್ಮಣ್ಣು, ಹಳದಿಮಣ್ಣುಗಳು ಜಗ್ಗುವುದಿಲ್ಲ. ಕಬ್ಬಿಣದ ತುಕ್ಕಿನ ಜಾತಿಯ ಬಣ್ಣಗಳವು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಿಮೆ ಎಂಬಾತ ಕೃತಕವಾಗಿ ತಯಾರಿಸಿದ ಅಲ್ಟ್ರಾಮರೀನ್ ನೀಲಿಯೂ ಜಗ್ಗುವುದಿಲ್ಲ, ಆದ್ದರಿಂದಲೇ ಅದು ಕಾಸಿಗೆ ಸಿಗುವ ಪುಡಿಯಾಗಿ ಸುಣ್ಣದ ಸಂಗಾತಿಯಾಯಿತು. ಆದರೆ ಹಸಿರು? ಎಲೆಯ ರಸ ನಿಲ್ಲುವುದಿಲ್ಲ, ಬಿಸಿಲಿಗೆ ಮಾಸುತ್ತದೆ. ಪ್ರಷ್ಯನ್ ನೀಲಿಗೆ ಹಳದಿ ಬೆರೆಸಿ ಮಾಡಿದ ಹಸಿರು ಸುಣ್ಣದಲ್ಲಿ ಕೆಡುತ್ತದೆ. ಹಸಿರು ಮಣ್ಣು ಎಂಬುದೊಂದಿದೆ, ಅದು ಇಟಲಿಯ ವೆರೋನಾದಂಥ ಕಡೆ ಹೆಸರುವಾಸಿ, ನಮ್ಮ ಸಂತೆಯ ಸರಕಲ್ಲ. ನಮ್ಮಲ್ಲಿ ಕೈಗೆ ಸಿಗುತ್ತಿದ್ದುದು ಮೈಲುತುತ್ತ. ಮಾವಿನ ತೋಟದವರು ಬೋರ್ಡೋ ದ್ರಾವಣ ಮಾಡಲು ಸುಣ್ಣದೊಂದಿಗೆ ಬೆರೆಸುತ್ತಾರಲ್ಲ, ಅದೇ. ಅದನ್ನು ಗೋಡೆಯ ಸುಣ್ಣಕ್ಕೆ ಹಾಕಿದರೆ ತೆಳುವಾದ ನೀಲಿಹಸಿರು ಬರುತ್ತದೆ. ಚಾಚಾ ಅವರ ಮನಸ್ಸಿನಲ್ಲಿರುವ ಗಿಳಿಹಸಿರು ಬರುವುದಿಲ್ಲ.

ಯುರೋಪಿನವರು ಹೊಳೆಯುವ ಹಸಿರಿಗಾಗಿ ಪಟ್ಟ ಪಾಡು ಹೇಳಿದರೆ ಮೈ ಜುಮ್ಮೆನ್ನುತ್ತದೆ. 1775ರಲ್ಲಿ ಸ್ವೀಡನ್ನಿನ ಶೀಲೆ ಎಂಬ ವಿಜ್ಞಾನಿ ತಾಮ್ರ ಮತ್ತು ಪಾಷಾಣ ಸೇರಿಸಿ ಒಂದು ಹಸಿರನ್ನು ಕಂಡುಹಿಡಿದ. ಶ್ರೀಮಂತರ ಕೋಣೆಗಳಿಗೆ ಅಂಟಿಸುವ ಕಾಗದಕ್ಕೆಲ್ಲ ಅದೇ ಬಣ್ಣ. ತೇವ ಹಿಡಿದ ಗೋಡೆಗಳಲ್ಲಿ ಅದು ವಿಷ ಕಾರಿತು. ಸೇಂಟ್ ಹೆಲೆನಾದಲ್ಲಿ ನೆಪೋಲಿಯನ್ ಸೆರೆಯಿದ್ದ ಮನೆಯ ಗೋಡೆಕಾಗದದ ತುಣುಕೊಂದನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಅದರಲ್ಲೂ ಪಾಷಾಣ ಸಿಕ್ಕಿತು. ಅವನ ಸಾವಿಗೆ ಅದೇ ಕಾರಣವೆಂದು ಹೇಳಲಾಗದು, ಆ ಮಾತು ಬೇರೆ.

ಅಗ್ಗವಾದ, ಮಾಸದ, ಸುಣ್ಣಕ್ಕೂ ಕೆಡದ ಹಸಿರು ಪ್ರಪಂಚಕ್ಕೆ ಸಿಕ್ಕಿದ್ದು 1930ರ ದಶಕದಲ್ಲಿ. 1928ರಲ್ಲಿ ಸ್ಕಾಟ್‌ಲೆಂಡಿನ ಒಂದು ಕಾರ್ಖಾನೆಯಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡ ಥ್ಯಾಲೋಸಯನಿನ್ ಎಂಬ ವಸ್ತುವಿನಿಂದ 1935ರಲ್ಲಿ ನೀಲಿ ಮಾರುಕಟ್ಟೆಗೆ ಬಂತು, ಕೆಲವೇ ವರ್ಷಗಳಲ್ಲಿ ಹಸಿರೂ ಬಂತು. ಏಷ್ಯನ್ ಪೇಂಟ್ಸ್ ಹುಟ್ಟಿದ್ದು 1942ರಲ್ಲಿ. ಆರ್.ಕೆ. ಲಕ್ಷ್ಮಣ್ ಬರೆದ ಕುಂಚ ಹಿಡಿದ ತುಂಟ ಹುಡುಗ ಗಟ್ಟು ಅದರ ಡಬ್ಬಿಗಳ ಮೇಲೆ ಬಂದದ್ದು 1954ರಲ್ಲಿ. ನೀರಿನಲ್ಲಿ ಕಲಸುವ ಡಿಸ್ಟೆಂಪರ್ ನಮ್ಮಂಥ ಊರುಗಳ ಹಾರ್ಡ್‌ವೇರ್ ಅಂಗಡಿಗಳಿಗೆ ಬಂದದ್ದು ಅದಾದ ಮೇಲಿನ ದಶಕಗಳಲ್ಲಿ. ಅಂದಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸಾಮಾನ್ಯ ಮುಸ್ಲಿಮರ ಒಳಕೋಣೆಯ ದಟ್ಟ ಹಸಿರಿಗೆ ನೂರು ವರ್ಷ ತುಂಬಿರುವುದು ಸಾಧ್ಯವೇ ಇಲ್ಲ. ಚಾಚಾ ಅವರ 'ನಮ್ಮ ಬಣ್ಣ' ಚಾಚಾ ಅವರಿಗಿಂತ ಬಹಳ ಹಿರಿಯದೇನಲ್ಲ.

ಇದನ್ನು ಹೇಳಿದಾಗ ಚಾಚಾ ಸುಮ್ಮನಾಗಲಿಲ್ಲ. "ಬಡವರ ಮನೆ ಬಿಡು, ಬಾದಶಹರ ಮನೆ ನೋಡು. ಮದೀನಾದ ಗುಂಬಝ್ ನೋಡು" ಎಂದರು. ನೋಡೋಣ.

ನಮ್ಮ ಜಿಲ್ಲೆಗೆ ತೀರ ಹತ್ತಿರದ ಬಾದಶಹರೆಂದರೆ ಹೈದರಾಲಿ ಮತ್ತು ಟಿಪ್ಪು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವರ ತಂದೆ ಫತೇ ಮುಹಮ್ಮದ್ ಮಲಗಿರುವುದು ಕೋಲಾರದ ಮಕ್ಬರಾದಲ್ಲಿ. ಹೈದರ್ ಮತ್ತು ಟಿಪ್ಪು ಇಬ್ಬರೂ ಮಲಗಿರುವ ಶ್ರೀರಂಗಪಟ್ಟಣದ ಗುಂಬಝ್‌ನ ಒಳಗೆ ಹೋಗಿ ನೋಡಿದವರಿಗೆ ಗೊತ್ತು, ಅಲ್ಲಿನ ಗೋಡೆಯ ಮೇಲಿರುವುದು ಹುಲಿಯ ಪಟ್ಟೆ. 1784ರ ದರಿಯಾ ದೌಲತ್ ಬಾಗ್‌ನ ಗೋಡೆಗಳ ಮೇಲೆ ಪೊಳ್ಳಿಲೂರು ಯುದ್ಧದ ಆನೆ, ಕುದುರೆ, ಸಿಪಾಯಿಗಳೂ ಹೂಬಳ್ಳಿಗಳೂ ಇವೆ. ಟಿಪ್ಪುವಿಗೆ ಗೋಡೆಯ ಗುರುತು ಬೇಕಿತ್ತು ನಿಜ, ಆದರೆ ಆ ಗುರುತು ಹುಲಿಯದು.

ಇನ್ನು ಮದೀನಾ. ಪ್ರವಾದಿಯವರ ಸಮಾಧಿಯ ಮೇಲೆ ಗುಂಬಝ್ ಮೊದಲಿಗೆ ಕಟ್ಟಿಸಿದ್ದು 1279ರಲ್ಲಿ, ಮಮ್ಲೂಕ್ ಸುಲ್ತಾನ ಕಲಾವೂನ್. ಅದು ಶತಮಾನಗಳ ಕಾಲ ಹಸಿರಾಗಿರಲಿಲ್ಲ. ಬಿಳಿಯಾಗಿತ್ತು, ನೀಲಿಯಾಗಿತ್ತು. ಇಂದು ಕ್ಯಾಲೆಂಡರುಗಳಲ್ಲಿ, ಮನೆಯ ಗೋಡೆಯ ಚಿತ್ರಪಟಗಳಲ್ಲಿ ನಾವು ಕಾಣುವ ಹಸಿರನ್ನು ಬಳಿದದ್ದು ತುರ್ಕಿ ಉಸ್ಮಾನಿಯರ ಆಳ್ವಿಕೆಯಲ್ಲಿ, 1837ರಲ್ಲಿ. ಅದಕ್ಕೂ ಹಿಂದೆ ಹೋದರೆ ಉಮಯ್ಯದರ ಬಾವುಟ ಬಿಳಿ, ಅಬ್ಬಾಸಿಯರದು ಕಪ್ಪು. ಖಲೀಫಾ ಮಾಮೂನ್ 817ರಲ್ಲಿ ಕಪ್ಪನ್ನು ಬಿಟ್ಟು ಹಸಿರನ್ನು ಹಿಡಿದು, ಎರಡೇ ವರ್ಷಗಳಲ್ಲಿ ಕಪ್ಪಿಗೇ ಮರಳಿದರು. ಸ್ವರ್ಗವಾಸಿಗಳ ಉಡುಪು ಹಸಿರೆಂದು ಕುರ್‌ಆನ್‌ನಲ್ಲಿದೆ ಎಂಬುದು ನಿಜ. ಪ್ರವಾದಿಯವರು ಉಡಲು ಸಲಹೆ ಮಾಡಿದ್ದು ಬಿಳಿಯನ್ನು, ಕಫನ್ ಕೂಡ ಬಿಳಿಯದೇ ಎಂಬುದೂ ಅಷ್ಟೇ ನಿಜ. ಕೋಣೆಯ ಗೋಡೆಗೆ ಇಂಥದೇ ಬಣ್ಣವೆಂದು ಧರ್ಮ ಹೇಳಿದ್ದನ್ನು ನಾವಂತೂ ಎಲ್ಲೂ ಓದಿಲ್ಲ.

ಮಗನ ಹೆದರಿಕೆಗೂ ಇದೇ ಉತ್ತರ. ಹಸಿರು ಮುಸ್ಲಿಮರಿಗೆ ಮಾತ್ರ ಸೇರಿದ್ದೆಂದು ಹೇಳುವವರು ಕರ್ನಾಟಕದ ರೈತನ ಹೆಗಲ ಮೇಲಿನ ಹಸಿರು ಶಾಲನ್ನು ಏನೆನ್ನುತ್ತಾರೆ? ಸೀಮಂತದ ಹಸಿರು ಗಾಜಿನ ಬಳೆಯನ್ನು? 1914ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಶಸ್ತ್ರವೈದ್ಯರು ಕಣ್ಣು ಕುಕ್ಕುವ ಬಿಳಿಯಿಂದ ಬೇಸತ್ತು ತಮ್ಮ ಆಪರೇಷನ್ ಕೋಣೆಗೆ ಸೊಪ್ಪಿನ ಹಸಿರು ಬಳಿಸಿದರು. ಕೆಂಪು ರಕ್ತವನ್ನು ದಿಟ್ಟಿಸಿ ದಣಿದ ಕಣ್ಣಿಗೆ ಹಸಿರು ವಿಶ್ರಾಂತಿ ಎಂಬುದು ಅವರ ವಾದ. ಆಸ್ಪತ್ರೆಯ ಪರದೆ, ನಿಲುವಂಗಿಗಳ ಹಸಿರಿಗೂ ಅದೇ ಕಾರಣ. ಅದನ್ನು ಕಂಡು ಯಾರೂ ಆಸ್ಪತ್ರೆಯ ಜಾತಿ ಕೇಳಿದ್ದಿಲ್ಲ.

ಆದರೂ ಮಗನ ಹೆದರಿಕೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಅವನು ಅದನ್ನು ಕಲಿತದ್ದು ನಮ್ಮ ಜಿಲ್ಲೆಯಲ್ಲೇ. ಕೋಲಾರದ ಕ್ಲಾಕ್ ಟವರ್ ಬಹುಕಾಲ ಹಸಿರು ಬಣ್ಣದಲ್ಲಿತ್ತು. ಅದರ ಬಣ್ಣ ಬದಲಿಸಿ ರಾಷ್ಟ್ರಧ್ವಜ ಹಾರಿಸಬೇಕೆಂದು ಆಗಿನ ಸಂಸದರು ಒತ್ತಾಯಿಸಿದರು. 2022ರ ಮಾರ್ಚ್ 19ರಂದು ಜಿಲ್ಲಾಡಳಿತ ಪೊಲೀಸ್ ಬಂದೋಬಸ್ತಿನಲ್ಲಿ ಅದಕ್ಕೆ ಬಿಳಿ ಬಳಿಸಿ, ಮೇಲೆ ತ್ರಿವರ್ಣ ಧ್ವಜ ಏರಿಸಿತು. ಧ್ವಜ ಹಾರಿದ್ದಕ್ಕೆ ಯಾರ ತಕರಾರೂ ಇರಲಾರದು, ನಮ್ಮದಂತೂ ಇಲ್ಲ. ಆದರೆ ಒಂದು ಡಬ್ಬಿ ಬಣ್ಣಕ್ಕೆ ಅಷ್ಟು ಪೊಲೀಸರು ಬೇಕಾದರಲ್ಲ ಎಂಬುದು ಮನಸ್ಸಿಗೆ ಚುಚ್ಚಿತು. ಹಸಿರೆಂದರೆ ಒಂದು ಕೋಮು, ಬಿಳಿಯೆಂದರೆ ಸರ್ಕಾರ ಎಂಬ ಲೆಕ್ಕವನ್ನು ಅಂದು ಎರಡೂ ಕಡೆಯವರು ಒಪ್ಪಿಕೊಂಡಂತಿತ್ತು. ಮೇಲೆ ಹಾರುತ್ತಿದ್ದ ಬಾವುಟದಲ್ಲಿ ಮಾತ್ರ ಬಿಳಿಯ ಕೆಳಗೇ ಹಸಿರಿತ್ತು.

ಈ ವಾದವೆಲ್ಲ ನಡೆಯುವಾಗ ನಾವು ಇನ್ನೊಂದು ವಿಷಯವನ್ನು ಗಮನಿಸದೆ ಹೋಗಿದ್ದೆವು. ಪೇಂಟರ್ ಕೆರೆದುಹೋಗಿದ್ದ ಹಳೆಯ ಬಣ್ಣ ಎಣ್ಣೆಬಣ್ಣವಾಗಿತ್ತು, ಅದೂ ಹಸಿರೇ. ಎಂದೋ ಮನೆಯಲ್ಲಿ ಮದುವೆಯಿದ್ದಾಗ ಹೊಡೆಸಿದ್ದು. ಅದರ ಪುಡಿ ನೆಲದ ಮೇಲೆಲ್ಲ ಬಿದ್ದಿತ್ತು, ಮಕ್ಕಳು ಅದರಲ್ಲೇ ಓಡಾಡುತ್ತಿದ್ದವು. ಹಳೆಯ ಕಾಲದ ಹೊಳಪಿನ ಹಸಿರು, ಹಳದಿ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಸೀಸ ಮಕ್ಕಳ ಮಿದುಳಿಗೆ ಕೇಡು. ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಂತೆಯೇ ಕೆರೆಯಬಾರದು, ನೀರು ಹಚ್ಚಿ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಕಸವನ್ನು ಕಟ್ಟಿ ಹೊರಗೆ ಹಾಕಬೇಕು. ಹಸಿರು ಯಾರದು ಎಂದು ಮೂರು ದಿನ ಜಗಳವಾಡಿದ ಮನೆಯವರಿಗೆ ಆ ಹಸಿರಿನ ಪುಡಿಯನ್ನು ಗುಡಿಸಬೇಕೆಂದು ತೋಚಿರಲಿಲ್ಲ. ತಪ್ಪು ನಮ್ಮದೇ.

ಮೂರನೆಯ ದಿನ ಪೇಂಟರ್ ಮತ್ತೆ ಬಂದರು. "ಏನು ತೀರ್ಮಾನ ಆಯ್ತು ಸಾಬ್?" ಎಂದರು. ಚಾಚಾ ಗಂಟಲು ಸರಿಮಾಡಿಕೊಂಡರು, ಮಗನೂ ಬಾಯಿ ತೆರೆದ. ಆತ ಇಬ್ಬರನ್ನೂ ಬಿಟ್ಟು ಮಂಚದ ಮೇಲೆ ಕುಳಿತಿದ್ದ ಅಮ್ಮಿಯನ್ನು ಕೇಳಿದರು. "ಅಮ್ಮಾ, ರೂಮು ನಿಮ್ದಲ್ವಾ? ನಿಮಗೆ ಯಾವ್ದು ಬೇಕು?"

ಮೂರು ದಿನಗಳಲ್ಲಿ ಅಮ್ಮಿಯನ್ನು ಯಾರೂ ಕೇಳಿರಲಿಲ್ಲ.

ಅಮ್ಮಿಗೆ ಎರಡು ಕಣ್ಣಿಗೂ ಪೊರೆ ಬಂದು ಒಂದಕ್ಕೆ ಮಾತ್ರ ಆಪರೇಷನ್ ಆಗಿದೆ. ಅವರು ಯೋಚಿಸಿ ಹೇಳಿದರು: ಮೇಲೆ ಬಿಳಿ ಇರಲಿ, ಕುರ್‌ಆನ್ ಓದುವಾಗ ಕಿಟಕಿಯ ಬೆಳಕು ಪುಸ್ತಕದ ಮೇಲೆ ಬೀಳುತ್ತದೆ. ಕೆಳಗೆ ಸೊಂಟದೆತ್ತರಕ್ಕೆ ಹಸಿರು ಹೊಡಿ. ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋಗುತ್ತೇನೆ, ಬಿಳಿಯಾದರೆ ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಬಂತು ಗೊತ್ತಾಗುವುದಿಲ್ಲ. ಕೈಯ ಕೊಳೆಯೂ ಕಾಣಿಸುವುದಿಲ್ಲ.

ಹಳೆಯ ಸರ್ಕಾರಿ ಶಾಲೆಗಳಲ್ಲಿ, ಆಸ್ಪತ್ರೆಯ ಮೊಗಸಾಲೆಗಳಲ್ಲಿ ಓದುಗರು ಇದನ್ನು ನೂರು ಸಲ ನೋಡಿರುತ್ತಾರೆ, ಕೆಳಗೆ ಒಂದು ಬಣ್ಣ, ಮೇಲೆ ಬಿಳಿ, ನಡುವೆ ಒಂದು ಗೆರೆ. ಪೇಂಟರ್ ತಲೆಯಾಡಿಸಿ, ದಾರಕ್ಕೆ ನೀಲಿ ಪುಡಿ ಹಚ್ಚಿ, ಒಂದು ತುದಿಯನ್ನು ಮಗನ ಕೈಗೂ ಇನ್ನೊಂದನ್ನು ಚಾಚಾ ಅವರ ಕೈಗೂ ಕೊಟ್ಟು, ನಡುವೆ ದಾರವನ್ನು ಎಳೆದು ಬಿಟ್ಟರು. ಗೋಡೆಯ ಮೇಲೆ ನೇರವಾದ ನೀಲಿ ಗೆರೆ ಮೂಡಿತು. ಒಂದು ಅಂಗುಲ ಮೇಲಾಯಿತು ಎಂದರು ಚಾಚಾ. ಅಮ್ಮಿ ಎದ್ದು ಬಂದು ಗೋಡೆಗೆ ಕೈಯಿಟ್ಟು ನೋಡಿ, ಸರಿಯಾಗಿಯೇ ಇದೆ ಎಂದರು.